ಕೂಲೆಂಟ್ ನೀರಿನಿಂದ ಎಣ್ಣೆ ಬೇರ್ಪಡಿಸುವ ಮೆಂಬ್ರೇನ್ ಯಾಕೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್. ಸಿಎನ್‌ಸಿ ಲೇತ್ ಮತ್ತು ಗ್ರೈಂಡಿಂಗ್ ಯಂತ್ರಗಳಿಂದ ದಿನಕ್ಕೆ ಸುಮಾರು 600 ಲೀಟರ್ ಹಳೆಯ ಕೂಲೆಂಟ್ (ಲೋಹ ಕೊರೆಯುವಾಗ ತಂಪು ಮಾಡಲು ಹರಿಸುವ, ಎಣ್ಣೆ ಬೆರೆತ ನೀರು) ಬರುತ್ತದೆ. ಎಣ್ಣೆ ಬೇರ್ಪಡಿಸಲು 2 ಚದರ ಮೀಟರ್‌ನ ಪಿವಿಡಿಎಫ್ (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬುಲರ್ ಅಲ್ಟ್ರಾಫಿಲ್ಟ್ರೇಷನ್, ಅಂದರೆ ಅತಿ ಸಣ್ಣ ರಂಧ್ರಗಳಿರುವ ಕೊಳವೆಯಾಕಾರದ ಮೆಂಬ್ರೇನ್, ಹಾಕಿಸಿದ್ದೇವೆ. ಮೊದಲ ವಾರ ಗಂಟೆಗೆ 100 ಲೀಟರ್ ನೀರು ಬರುತ್ತಿತ್ತು, ಎರಡೇ ತಿಂಗಳಲ್ಲಿ 25ಕ್ಕೆ ಇಳಿದಿದೆ. ಔಟ್‌ಲೆಟ್ ವಾಲ್ವ್ ಬಿಗಿ ಮಾಡಿ ಒತ್ತಡವನ್ನು 2 ಬಾರ್‌ನಿಂದ 4 ಬಾರ್‌ಗೆ ಏರಿಸಿದೆವು. ಎರಡು ದಿನ ಸುಧಾರಿಸಿ ಮತ್ತೆ ಕುಸಿಯಿತು. ನೊರೆ ಬಂದರೆ ಆ್ಯಂಟಿಫೋಮ್ ಹಾಕುತ್ತೇವೆ. ವಾರಕ್ಕೊಮ್ಮೆ ಬೋರ್ ನೀರಿಗೆ ಬಟ್ಟೆ ಒಗೆಯುವ ಪುಡಿ ಬೆರೆಸಿ ತೊಳೆಯುತ್ತೇವೆ. ಫೌಲಿಂಗ್ ಆಗದ, ಅಂದರೆ ಕೊಳೆ ಕಟ್ಟಿಕೊಳ್ಳದ, ಸೆರಾಮಿಕ್ ಮೆಂಬ್ರೇನ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ ಮಾರುವವರು. ಎಣ್ಣೆಯನ್ನು ಮಾತ್ರ ಬಿಟ್ಟು ನೀರನ್ನು ತಡೆಯುವ ಜಾಲರಿಯ ವಿಡಿಯೊಗಳನ್ನೂ ನೋಡಿದ್ದೇವೆ. ಯಾವುದನ್ನು ಕೊಳ್ಳುವುದು ಒಳ್ಳೆಯದು?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಮೆಂಬ್ರೇನ್ ಹಾಳಾಗಲು ಸಾಕಾಗುವ ಮೂರು ಕಾರಣಗಳು ನಿಮ್ಮ ಪ್ರಶ್ನೆಯಲ್ಲೇ ಇವೆ: ಬಿಗಿ ಮಾಡಿದ ವಾಲ್ವ್, ಆ್ಯಂಟಿಫೋಮ್, ಬೋರ್ ನೀರಿಗೆ ಬೆರೆಸಿದ ಸೋಪಿನ ಪುಡಿ. ಈ ಮೂರನ್ನು ಹಾಗೇ ಇಟ್ಟುಕೊಂಡು ಸೆರಾಮಿಕ್ ತಂದರೆ ಅದೂ ಕಟ್ಟಿಕೊಳ್ಳುತ್ತದೆ, ಸ್ವಲ್ಪ ತಡವಾಗಿ ಅಷ್ಟೇ. ಫೌಲಿಂಗ್ ಆಗದ ಮೆಂಬ್ರೇನ್ ಎಂಬುದು ಇಲ್ಲ. ನಿಧಾನವಾಗಿ ಕಟ್ಟಿಕೊಳ್ಳುವ, ತೊಳೆದರೆ ಮೊದಲಿನ ಸ್ಥಿತಿಗೆ ಮರಳುವ ಮೆಂಬ್ರೇನ್ ಇದೆ. ಕೊಳ್ಳುವಾಗ ಕೇಳಬೇಕಾದದ್ದೂ ಅದನ್ನೇ.

ಮೊದಲು ಹನಿಯ ಗಾತ್ರ ನೋಡೋಣ. ಕೂಲೆಂಟ್‌ನಲ್ಲಿ ಎರಡು ಬಗೆಯ ಎಣ್ಣೆ ಇರುತ್ತದೆ. ಯಂತ್ರದ ಸ್ಲೈಡ್‌ವೇ ಮತ್ತು ಹೈಡ್ರಾಲಿಕ್‌ನಿಂದ ಸೋರಿ ಬಂದ ಎಣ್ಣೆ ಒಂದು. ಇದರ ಹನಿ ದೊಡ್ಡದು, ಬಿಟ್ಟರೆ ಮೇಲಕ್ಕೆ ತೇಲುತ್ತದೆ. 100 ಮೈಕ್ರಾನ್‌ನ ಹನಿಯೊಂದು (ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್) ನೀರಿನಲ್ಲಿ ಒಂದು ಮೀಟರ್ ಮೇಲೇರಲು ಸುಮಾರು 25 ನಿಮಿಷ ಸಾಕು. ಏರುವ ವೇಗ ಹನಿಯ ಅಗಲದ ವರ್ಗಕ್ಕೆ ತಕ್ಕಂತೆ ಇರುವುದರಿಂದ, 10 ಮೈಕ್ರಾನ್‌ನ ಹನಿಗೆ ಅದೇ ದೂರಕ್ಕೆ ಸುಮಾರು ಒಂದೂಮುಕ್ಕಾಲು ದಿನ ಬೇಕು, 1 ಮೈಕ್ರಾನ್‌ನದಕ್ಕೆ ಲೆಕ್ಕದ ಪ್ರಕಾರ ಸುಮಾರು ಆರು ತಿಂಗಳು. ಎರಡನೆಯದು ಕೂಲೆಂಟ್‌ನದೇ ಎಣ್ಣೆ. ಇದರ ಹನಿ ಹೆಚ್ಚಾಗಿ 1 ಮೈಕ್ರಾನ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇರುತ್ತದೆ. ಹನಿಯ ಸುತ್ತ ಎಮಲ್ಸಿಫೈಯರ್ (ಎಣ್ಣೆಯನ್ನು ನೀರಿನಲ್ಲಿ ಬೆರೆತಿರುವಂತೆ ಮಾಡುವ ಸೋಪಿನಂಥ ವಸ್ತು) ಸುತ್ತಿಕೊಂಡಿರುವುದರಿಂದ ಹನಿಗಳು ಒಂದನ್ನೊಂದು ಸೇರುವುದೂ ಇಲ್ಲ. ಎಣ್ಣೆ ಹಚ್ಚಿದ ತಲೆಗೆ ಸೀಗೆಕಾಯಿ ಹಾಕಿದಾಗ ನೀರು ಹಾಲಿನಂತಾಗಿ ಜಿಡ್ಡನ್ನು ಹೊತ್ತು ಹೋಗುವುದೂ ಇದೇ ಕ್ರಿಯೆ. ಮೆಂಬ್ರೇನ್ ಬೇಕಾಗುವುದು ಈ ಎರಡನೆಯ ಎಣ್ಣೆಗೆ ಮಾತ್ರ. ಮೊದಲನೆಯದನ್ನು ಮೆಂಬ್ರೇನ್‌ನ ಹತ್ತಿರಕ್ಕೂ ಬಿಡಬಾರದು.

ಇನ್ನು ಎಣ್ಣೆ ಯಾಕೆ ಅಂಟುತ್ತದೆ ಎಂಬುದು. ರಾಗಿ ಮುದ್ದೆ ಕಟ್ಟುವವರು ಕೈಯನ್ನು ನೀರಿಗೆ ಅದ್ದಿಕೊಳ್ಳುತ್ತಾರೆ. ಅಂಗೈ ಮತ್ತು ಹಿಟ್ಟಿನ ನಡುವೆ ನೀರಿನ ತೆಳು ಪದರ ಇರುವವರೆಗೆ ಹಿಟ್ಟು ಅಂಟುವುದಿಲ್ಲ. ಕೈ ಒಣಗಿತೋ, ಮೆತ್ತಿಕೊಂಡಿತು. ಮೆಂಬ್ರೇನ್‌ನ ಮೇಲ್ಮೈಯೂ ಹಾಗೆಯೇ: ತನ್ನ ಮೇಲೆ ನೀರಿನ ಪದರವನ್ನು ಬಿಗಿಯಾಗಿ ಹಿಡಿದುಕೊಂಡರೆ ಎಣ್ಣೆ ಹನಿ ಜಾರಿ ಹೋಗುತ್ತದೆ. ಪಿವಿಡಿಎಫ್ ಹುಟ್ಟಿನಿಂದ ನೀರನ್ನು ಅಷ್ಟಾಗಿ ಇಷ್ಟಪಡದ ವಸ್ತು. ಕಾರ್ಖಾನೆಯಲ್ಲಿ ಅದಕ್ಕೆ ನೀರು ಹಿಡಿಯುವ ಪಾಲಿಮರ್ ಬೆರೆಸಿ ಅಥವಾ ಲೇಪಿಸಿ ಸರಿಪಡಿಸಿರುತ್ತಾರೆ. ಪಾಲಿಅಕ್ರಿಲೋನೈಟ್ರೈಲ್, ಅಂದರೆ ಪ್ಯಾನ್, ಸ್ವಭಾವದಲ್ಲೇ ಇದಕ್ಕಿಂತ ನೀರನ್ನು ಒಗ್ಗಿಸಿಕೊಳ್ಳುತ್ತದೆ. ಟೈಟಾನಿಯಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್ ಸೆರಾಮಿಕ್‌ಗಳು ಇನ್ನೂ ಹೆಚ್ಚು. 'ಆ್ಯಂಟಿಫೌಲಿಂಗ್' ಎಂದು ಹೆಸರಿಟ್ಟು ಬರುವ ಹೊಸ ಲೇಪನಗಳಲ್ಲಿ ಗಟ್ಟಿಯಾದ ಆಧಾರ ಇರುವುದು ಜ್ವಿಟ್ಟರ್‌ಅಯಾನ್ ಲೇಪನಕ್ಕೆ. ಒಂದೇ ಅಣುವಿನಲ್ಲಿ ಧನ ಮತ್ತು ಋಣ ಎರಡೂ ವಿದ್ಯುದಂಶ ಇರುವುದರಿಂದ ಅದು ನೀರನ್ನು ತುಂಬ ಬಲವಾಗಿ ಹಿಡಿಯುತ್ತದೆ. ಆದರೆ ಯಾವ ಲೇಪನಕ್ಕಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಕಾಸ್ಟಿಕ್ ಮತ್ತು ಕ್ಲೋರಿನ್‌ನಲ್ಲಿ ಎಷ್ಟು ಬಾರಿ ತೊಳೆದ ಮೇಲೂ ಅದು ಉಳಿಯುತ್ತದೆ? ಉದಾಹರಣೆಗೆ, ಮೆಂಬ್ರೇನ್‌ಗೆ ಸಾಮಾನ್ಯವಾಗಿ ಬೆರೆಸುವ ಪಾಲಿವಿನೈಲ್‌ಪೈರೋಲಿಡೋನ್ ಅನ್ನು ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಬ್ಲೀಚ್) ನಿಧಾನವಾಗಿ ಕೊಚ್ಚಿ ಹಾಕುತ್ತದೆ.

ವಿದ್ಯುದಂಶದ ಮಾತು ಬಂತು, ಇದನ್ನು ಮಾರುವವರು ಹೇಳುವುದು ಅಪರೂಪ. ಕೂಲೆಂಟ್‌ನ ಎಣ್ಣೆ ಹನಿ ಸಾಮಾನ್ಯವಾಗಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಸಿಲಿಕಾನ್ ಕಾರ್ಬೈಡ್‌ನ ಮೇಲ್ಮೈ ಬಹುಪಾಲು ಪಿಎಚ್‌ನಲ್ಲಿ ಋಣವೇ, ಹಾಗಾಗಿ ಹನಿಯನ್ನು ದೂರ ತಳ್ಳುತ್ತದೆ. ಬರೀ ಅಲ್ಯೂಮಿನಾ ಪಿಎಚ್ 8ರವರೆಗೂ ಧನವಾಗಿರುತ್ತದೆ, ಹನಿಯನ್ನು ತನ್ನತ್ತ ಸೆಳೆಯುತ್ತದೆ. 'ಸೆರಾಮಿಕ್' ಎಂಬ ಒಂದೇ ಪದ ಕೇಳಿ ಹಣ ಕೊಡಬೇಡಿ. ಮೇಲಿನ ಪದರ ಯಾವ ವಸ್ತುವಿನದು ಎಂದು ಬರಹದಲ್ಲಿ ಕೇಳಿ.

ನಿಮ್ಮ ವಾಲ್ವ್‌ಗೆ ಬರುತ್ತೇನೆ. ದೊಡ್ಡ ಹಾನಿ ಆಗಿರುವುದು ಅಲ್ಲಿಯೇ. ಟ್ಯೂಬುಲರ್ ಮೆಂಬ್ರೇನ್‌ನಲ್ಲಿ ಕೂಲೆಂಟ್ ಗೋಡೆಯನ್ನು ಉಜ್ಜಿಕೊಂಡು ರಭಸವಾಗಿ ಹರಿಯಬೇಕು, ಸೆಕೆಂಡಿಗೆ 3ರಿಂದ 4 ಮೀಟರ್ ವೇಗದಲ್ಲಿ. ನಿಮ್ಮ ಕೊಳವೆಯ ಒಳವ್ಯಾಸ 25 ಮಿಲಿಮೀಟರ್ ಎಂದುಕೊಂಡರೆ 4 ಮೀಟರ್ ವೇಗಕ್ಕೆ ಗಂಟೆಗೆ ಸುಮಾರು 7,000 ಲೀಟರ್ ಸುತ್ತಬೇಕು. ಹೊರಗೆ ಬರುವುದು 100 ಲೀಟರ್, ಒಳಗೆ ಸುತ್ತುವುದು 7,000. ಈ ಅಗಾಧ ಸುತ್ತು ಇರುವುದೇ ಗೋಡೆಯ ಮೇಲೆ ಕೂರುವ ಎಣ್ಣೆಯನ್ನು ಗುಡಿಸಿಕೊಂಡು ಹೋಗಲು. ಔಟ್‌ಲೆಟ್ ವಾಲ್ವ್ ಬಿಗಿ ಮಾಡಿದಾಗ ಒತ್ತಡ ಏರಿತು ನಿಜ, ಜೊತೆಗೆ ಹರಿವು ಕುಸಿಯಿತು. ಎಣ್ಣೆಯನ್ನು ಗೋಡೆಗೆ ಒತ್ತುವ ಬಲ ಇಮ್ಮಡಿಯಾಯಿತು, ಗುಡಿಸುವ ಬಲ ಕಡಿಮೆಯಾಯಿತು. ಎರಡು ದಿನ ಸುಧಾರಿಸಿದಂತೆ ಕಂಡದ್ದು ಮೆಂಬ್ರೇನ್‌ನ ಆಯುಷ್ಯದಿಂದ ತೆಗೆದ ಸಾಲ.

ಒತ್ತಡಕ್ಕೆ ಇನ್ನೊಂದು ಮಿತಿಯೂ ಇದೆ. ರಂಧ್ರಕ್ಕಿಂತ ದೊಡ್ಡದಾದ ಹನಿಯನ್ನೂ ಸಾಕಷ್ಟು ಒತ್ತಿದರೆ ಅದು ರೂಪ ಬದಲಿಸಿ ರಂಧ್ರದೊಳಕ್ಕೆ ನುಸುಳುತ್ತದೆ. ನೀರಿನ ಪದರ ಚೆನ್ನಾಗಿರುವ ಮೇಲ್ಮೈಯಲ್ಲಿ ಹಾಗೆ ನುಸುಳಲು ಬೇಕಾದ ಒತ್ತಡ ಸುಮಾರಾಗಿ ಎಣ್ಣೆ-ನೀರಿನ ನಡುವಿನ ಮೇಲ್ಮೈ ಎಳೆತದ ಎರಡು ಪಟ್ಟನ್ನು ರಂಧ್ರದ ತ್ರಿಜ್ಯದಿಂದ ಭಾಗಿಸಿದಷ್ಟು. ಎಮಲ್ಸಿಫೈಯರ್ ಇರುವ ಕೂಲೆಂಟ್‌ನಲ್ಲಿ ಆ ಎಳೆತ ಮೀಟರಿಗೆ 3 ಮಿಲಿನ್ಯೂಟನ್ ಎಂದಿಟ್ಟುಕೊಳ್ಳಿ. ರಂಧ್ರದ ಅಗಲ 0.1 ಮೈಕ್ರಾನ್ ಇದ್ದರೆ 1.2 ಬಾರ್‌ಗೇ ಎಣ್ಣೆ ಒಳನುಗ್ಗುತ್ತದೆ. 0.02 ಮೈಕ್ರಾನ್ ಇದ್ದರೆ 6 ಬಾರ್ ಬೇಕು. ಮೇಲ್ಮೈ ಆಗಲೇ ಜಿಡ್ಡಾಗಿದ್ದರೆ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ದೊಡ್ಡ ರಂಧ್ರದ ಮೆಂಬ್ರೇನ್ ಹೆಚ್ಚು ನೀರು ಕೊಡುತ್ತದೆ ಎಂಬ ಮಾತು ಮೊದಲ ದಿನಕ್ಕೆ ನಿಜ. ಆಮೇಲೆ ಹನಿಗಳು ರಂಧ್ರದ ಒಳಗೇ ಸಿಕ್ಕಿಕೊಳ್ಳುತ್ತವೆ. ಮೇಲೆ ಕೂತದ್ದನ್ನು ತೊಳೆಯಬಹುದು, ಒಳಗೆ ಸಿಕ್ಕಿಕೊಂಡದ್ದನ್ನು ತೆಗೆಯುವುದು ಕಷ್ಟ. ಕೂಲೆಂಟ್‌ಗೆ 0.05 ಮೈಕ್ರಾನ್‌ಗಿಂತ ಕಿರಿದಾದ ರಂಧ್ರವೇ ಕ್ಷೇಮ. ಮಾರುಕಟ್ಟೆಯ ಹಲವು ಸಿಲಿಕಾನ್ ಕಾರ್ಬೈಡ್ ಮೆಂಬ್ರೇನ್‌ಗಳ ರಂಧ್ರ 0.1 ಮೈಕ್ರಾನ್ ಅಥವಾ ಅದಕ್ಕೂ ದೊಡ್ಡದು, ಅದನ್ನೂ ನೋಡಿಕೊಳ್ಳಿ.

ಆ್ಯಂಟಿಫೋಮ್ ಬಗ್ಗೆ ಗಟ್ಟಿಯಾಗಿ ಹೇಳಬೇಕು: ಸಿಲಿಕೋನ್ ಇರುವುದಾದರೆ ಇಂದೇ ನಿಲ್ಲಿಸಿ. ಸಿಲಿಕೋನ್ ಎಣ್ಣೆ ಪಿವಿಡಿಎಫ್ ಮೇಲೆ ತೆಳುವಾಗಿ ಹರಡಿ ಕೂರುತ್ತದೆ. ಕಾಸ್ಟಿಕ್‌ಗಾಗಲಿ ಆ್ಯಸಿಡ್‌ಗಾಗಲಿ ಜಗ್ಗುವುದಿಲ್ಲ. ಹಾಗೆ ಹಾಳಾದ ಮೆಂಬ್ರೇನ್ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ನೊರೆ ಯಾಕೆ ಬರುತ್ತಿದೆ ಎಂದು ಹುಡುಕಿ. ಟ್ಯಾಂಕಿಗೆ ಹಿಂತಿರುಗುವ ಪೈಪು ದ್ರವದ ಮಟ್ಟಕ್ಕಿಂತ ಮೇಲೆ ನಿಂತು ಧುಮುಕುತ್ತಿದ್ದರೆ ಅದನ್ನು ಮಟ್ಟದ ಕೆಳಗೆ ಇಳಿಸಿ. ಪಂಪಿನ ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆಯೇ, ಸೀಲ್ ಸರಿಯಿದೆಯೇ ನೋಡಿ. ಬಹಳಷ್ಟು ನೊರೆ ಇಷ್ಟರಲ್ಲೇ ಇಳಿಯುತ್ತದೆ. ಹೊಲಸು ನೀರಿನ ಘಟಕಗಳಲ್ಲಿ ಬಳಸುವ ಕ್ಯಾಟಯಾನಿಕ್ ಪಾಲಿಎಲೆಕ್ಟ್ರೋಲೈಟ್ ಕೂಡ ಇದೇ ಸಾಲಿನ ಶತ್ರು. ಋಣ ಮೇಲ್ಮೈಗೆ ಧನ ಪಾಲಿಮರ್ ಹೋಗಿ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ತೊಳೆಯುವುದರಲ್ಲಿ ಆಗುತ್ತಿರುವ ತಪ್ಪು ಹೀಗೆ. ಬೆಂಗಳೂರಿನ ಬೋರ್ ನೀರು ಗಡಸು. ಅದರ ಕ್ಯಾಲ್ಸಿಯಂ ಕೂಲೆಂಟ್‌ನ ಕೊಬ್ಬಿನಾಮ್ಲಗಳ ಜೊತೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸೋಪು ಆಗುತ್ತದೆ. ಸ್ನಾನದ ಬಕೆಟ್ಟಿನ ಅಂಚಿನಲ್ಲಿ ಕೂರುವ ಬಿಳಿ ಜಿಡ್ಡು ಇದೇ. ಒಗೆಯುವ ಪುಡಿಯಲ್ಲಿರುವ ಸೋಡಾ ಅದೇ ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಇಳಿಸುತ್ತದೆ. ಕೆಲವು ಪುಡಿಗಳಲ್ಲಿ, ಅದರಲ್ಲೂ ವಾಷಿಂಗ್ ಮಷೀನಿಗೆಂದು ಮಾಡಿದವುಗಳಲ್ಲಿ, ನೊರೆ ತಡೆಯಲು ಸಿಲಿಕೋನ್ ಕೂಡ ಇರುತ್ತದೆ. ವಾರವಾರ ತೊಳೆಯುತ್ತಿದ್ದೇವೆ ಎಂದುಕೊಂಡು ವಾರವಾರ ಒಂದು ಪದರ ಬಳಿದಂತಾಗಿದೆ.

ಈಗಿನ ಮೆಂಬ್ರೇನ್ ಉಳಿಯುತ್ತದೆಯೇ ಎಂದು ನೋಡಲು ಹೀಗೆ ಮಾಡಿ. ಎಲ್ಲಕ್ಕೂ ಮೊದಲು ತಯಾರಕರು ಕೊಟ್ಟ ಹಾಳೆಯಲ್ಲಿ ಪಿಎಚ್, ಉಷ್ಣತೆ, ಕ್ಲೋರಿನ್ ಮಿತಿಗಳನ್ನು ನೋಡಿಕೊಳ್ಳಿ. ಕೆಳಗಿನ ಅಂಕಿಗಳು ಅವುಗಳನ್ನು ಮೀರಿದರೆ ಅವರ ಮಿತಿಯೇ ಅಂತಿಮ. ಟ್ಯಾಂಕ್ ಖಾಲಿ ಮಾಡಿ, ಔಟ್‌ಲೆಟ್ ವಾಲ್ವ್ ಪೂರ್ತಿ ತೆರೆದು, 40ರಿಂದ 45 ಡಿಗ್ರಿಯ ಮೆದು ನೀರನ್ನು (ಆರ್‌ಒ ಅಥವಾ ಸಾಫ್ಟನರ್ ನೀರು) 15 ನಿಮಿಷ ಕಡಿಮೆ ಒತ್ತಡದಲ್ಲಿ ಸುತ್ತಿಸಿ ಹೊರಬಿಡಿ. ಕೊಳವೆ 25 ಮಿಲಿಮೀಟರ್‌ನದಾಗಿದ್ದು ತಯಾರಕರ ಒಪ್ಪಿಗೆ ಇದ್ದರೆ ಈ ಹಂತದಲ್ಲೇ ಸ್ಪಂಜಿನ ಚೆಂಡು ಓಡಿಸಿ. ಗಟ್ಟಿ ಜಿಡ್ಡನ್ನು ಅದರಷ್ಟು ಚೆನ್ನಾಗಿ ಯಾವ ರಾಸಾಯನಿಕವೂ ತೆಗೆಯುವುದಿಲ್ಲ.

ಆಮೇಲೆ 150 ಲೀಟರ್ ಮೆದು ನೀರಿಗೆ ಮೆಂಬ್ರೇನ್‌ಗೆಂದೇ ಮಾಡಿದ ಸಿಲಿಕೋನ್ ಇಲ್ಲದ ಡಿಟರ್ಜೆಂಟ್ ಮತ್ತು ಸುಮಾರು 1 ಕೆ.ಜಿ. ಸೋಡಿಯಂ ಇಡಿಟಿಎ ಹಾಕಿ, ಕಾಸ್ಟಿಕ್ ಸೋಡಾದಿಂದ ಪಿಎಚ್ ಅನ್ನು 10.5ಕ್ಕೆ ತನ್ನಿ. ಇಡಿಟಿಎ ಕ್ಯಾಲ್ಸಿಯಂ ಅನ್ನು ಕಸಿದುಕೊಂಡು ಆ ಬಿಳಿ ಜಿಡ್ಡನ್ನು ಕರಗುವ ಸೋಪಾಗಿಸುತ್ತದೆ. 45 ಡಿಗ್ರಿಯಲ್ಲಿ, ಪೂರ್ತಿ ವೇಗದಲ್ಲಿ ಸುತ್ತಿಸಿ. ಮೊದಲ 15 ನಿಮಿಷ ಪರ್ಮಿಯೇಟ್ (ಮೆಂಬ್ರೇನ್ ದಾಟಿ ಹೊರಬರುವ ನೀರು) ವಾಲ್ವ್ ಮುಚ್ಚಿರಲಿ, ಇಲ್ಲದಿದ್ದರೆ ಬಿಡಿಸಿದ ಕೊಳೆಯನ್ನೇ ರಂಧ್ರಗಳತ್ತ ಎಳೆಯುತ್ತೀರಿ. ಆಮೇಲೆ ತೆರೆದು, ಪರ್ಮಿಯೇಟನ್ನು ಅದೇ ಟ್ಯಾಂಕಿಗೆ ಬಿಟ್ಟುಕೊಂಡು ಇನ್ನೂ 45 ನಿಮಿಷ ನಡೆಸಿ. ದ್ರಾವಣ ಹಾಲಿನಂತಾದರೆ ಚೆಲ್ಲಿ ಹೊಸದಾಗಿ ಮಾಡಿ. ಎರಡು ತಿಂಗಳ ಜಿಡ್ಡಿಗೆ ಎರಡು ಮೂರು ಸುತ್ತು ಬೇಕಾಗಬಹುದು. ಪಿಎಚ್ 12ಕ್ಕೆ ಏರಿಸಿದರೆ ಬೇಗ ಮುಗಿಯುತ್ತದೆ ಎಂದು ಹೊರಡಬೇಡಿ. ಬಲವಾದ ಕ್ಷಾರ ಪಿವಿಡಿಎಫ್ ಅನ್ನು ಕಂದು ಬಣ್ಣಕ್ಕೆ ತಿರುಗಿಸಿ ಪೆಡಸಾಗಿಸುತ್ತದೆ.

ಪಿಎಚ್ 8ಕ್ಕೆ ಇಳಿಯುವವರೆಗೆ ತೊಳೆದು, ಅಷ್ಟೇ ನೀರಿಗೆ 3 ಕೆ.ಜಿ. ಸಿಟ್ರಿಕ್ ಆ್ಯಸಿಡ್ ಹಾಕಿ ಅರ್ಧ ಗಂಟೆ ಸುತ್ತಿಸಿ. ಗ್ರೈಂಡಿಂಗ್‌ನ ಕಬ್ಬಿಣದ ನುಣುಪು ಪುಡಿ, ತುಕ್ಕು, ಸುಣ್ಣ ಇದರಲ್ಲಿ ಕರಗುತ್ತವೆ. ಈ ಕ್ರಮ ತಿರುವು ಮುರುವು ಆಗಬಾರದು. ಎಣ್ಣೆ ಇರುವಾಗಲೇ ಆ್ಯಸಿಡ್ ಹಾಕಿದರೆ ಎಮಲ್ಷನ್ ಒಡೆದು, ಸೋಪು ಕೊಬ್ಬಿನಾಮ್ಲವಾಗಿ ಮೆಂಬ್ರೇನ್ ಮೇಲೆಯೇ ಇಳಿಯುತ್ತದೆ. ಕೊನೆಗೆ ಮತ್ತೊಮ್ಮೆ ಚಿಕ್ಕ ಕ್ಷಾರದ ಸುತ್ತು. ಲೋಳೆ, ಕೊಳೆತ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾ. ಆಗ ಮಾತ್ರ, ಮೆಂಬ್ರೇನ್ ತಡೆದುಕೊಳ್ಳುವುದಾದರೆ, ಈ ಕೊನೆಯ ಕ್ಷಾರದ ಸುತ್ತಿನಲ್ಲಿ 10 ಪ್ರತಿಶತದ ಹೈಪೋಕ್ಲೋರೈಟ್ 300 ಮಿಲಿಲೀಟರ್ ಸೇರಿಸಿ. 150 ಲೀಟರಿಗೆ ಅದು 200 ಪಿಪಿಎಂ ಆಗುತ್ತದೆ. ನಡುವೆ ಪೂರ್ತಿ ತೊಳೆಯದೆ ಹೈಪೋಕ್ಲೋರೈಟನ್ನೂ ಆ್ಯಸಿಡ್ಡನ್ನೂ ಒಂದೇ ಟ್ಯಾಂಕಿಗೆ ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೆ ಅಪಾಯ, ಹುಡುಗರಿಗೆ ಇದನ್ನು ಬಿಡಿಸಿ ಹೇಳಿ, ಟ್ಯಾಂಕಿನ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿ.

ಈಗ ಮೆದು ನೀರಿನಲ್ಲಿ, 1 ಬಾರ್‌ನಲ್ಲಿ, ಗಂಟೆಗೆ ಎಷ್ಟು ಲೀಟರ್ ಬರುತ್ತದೆ ಎಂದು ಅಳೆಯಿರಿ. ನೀರಿನ ಉಷ್ಣತೆಯನ್ನೂ ಬರೆದುಕೊಳ್ಳಿ. 25 ಡಿಗ್ರಿಯಿಂದ 50ಕ್ಕೆ ಹೋದರೆ ನೀರು ತೆಳುವಾಗಿ ಹರಿವು 1.6 ಪಟ್ಟಾಗುತ್ತದೆ, ಹಾಗಾಗಿ ಉಷ್ಣತೆ ಇಲ್ಲದ ಅಂಕಿಗೆ ಬೆಲೆಯಿಲ್ಲ. ಹೊಸದಿದ್ದಾಗಿನ ಅಂಕಿಯ 80 ಪ್ರತಿಶತ ಮರಳಿ ಬಂದರೆ ಮೆಂಬ್ರೇನ್ ಇನ್ನೂ ದುಡಿಯುತ್ತದೆ. ಮೂರು ಸುತ್ತಿನ ನಂತರವೂ ಅರ್ಧಕ್ಕಿಂತ ಕೆಳಗಿದ್ದರೆ ಸಿಲಿಕೋನ್ ಕೆಲಸ ಮಾಡಿದೆ ಎಂದೇ ತಿಳಿಯಿರಿ.

ಕೂಲೆಂಟ್ ಮೇಲೆ ಮತ್ತೆ ಓಡಿಸುವ ಮೊದಲು ಎಷ್ಟು ಒತ್ತಡ ಸರಿ ಎಂದು ನಿಮ್ಮ ಘಟಕದಲ್ಲೇ ಕಂಡುಕೊಳ್ಳಿ. ಒತ್ತಡ ಎಂದರೆ ಇನ್‌ಲೆಟ್ ಮತ್ತು ಔಟ್‌ಲೆಟ್ ಗೇಜ್‌ಗಳ ಸರಾಸರಿಯಿಂದ ಪರ್ಮಿಯೇಟ್ ಕಡೆಯ ಒತ್ತಡ ಕಳೆದದ್ದು. ಸುತ್ತುವ ಹರಿವನ್ನು ಒಂದೇ ಸಮ ಇಟ್ಟುಕೊಂಡು ಅರ್ಧರ್ಧ ಬಾರ್ ಏರಿಸುತ್ತ, ಪ್ರತಿ ಹಂತದಲ್ಲಿ ಅರ್ಧ ಗಂಟೆ ನಿಲ್ಲಿಸಿ ಪರ್ಮಿಯೇಟ್ ಅಳೆಯಿರಿ. ಆಮೇಲೆ ಅದೇ ಮೆಟ್ಟಿಲುಗಳನ್ನು ಇಳಿಯಿರಿ. ಇಳಿಯುವಾಗಿನ ಅಂಕಿ ಏರುವಾಗಿನದಕ್ಕಿಂತ ಕಡಿಮೆ ಬಂದರೆ, ಆ ನಡುವೆ ಎಲ್ಲೋ ಮಿತಿ ದಾಟಿದ್ದೀರಿ. ಒತ್ತಡ ಏರಿಸಿದಷ್ಟಕ್ಕೆ ತಕ್ಕಂತೆ ಹರಿವು ಏರದ ಮೊದಲ ಹಂತವೇ ಆ ಮಿತಿ. ಅದಕ್ಕಿಂತ ಕಾಲು ಭಾಗ ಕೆಳಗೆ ಓಡಿಸಿ. ಗಂಟೆಗೆ 100 ಲೀಟರ್ ಬೇಕೆಂಬ ಹಟ ಬೇಡ. 60 ಬಂದರೂ 600 ಲೀಟರ್ 10 ಗಂಟೆಯಲ್ಲಿ ಮುಗಿಯುತ್ತದೆ.

ಒಂದು ಎಚ್ಚರಿಕೆ: ನೀರು ಹೋಗುತ್ತ ಹೋಗುತ್ತ ಟ್ಯಾಂಕಿನಲ್ಲಿ ಎಣ್ಣೆ ಗಾಢವಾಗುತ್ತದೆ, ಹರಿವು ಸಹಜವಾಗಿಯೇ ಇಳಿಯುತ್ತದೆ. ಅದು ಫೌಲಿಂಗ್ ಅಲ್ಲ. ವಾರಕ್ಕೆ 3,000 ಲೀಟರ್, ಎಣ್ಣೆ 4 ಪ್ರತಿಶತ ಎಂದರೆ 120 ಲೀಟರ್ ಎಣ್ಣೆ. ಅದನ್ನು 40 ಪ್ರತಿಶತಕ್ಕೆ ತಂದರೆ ಉಳಿಯುವುದು 300 ಲೀಟರ್. ಮೊದಲ ದಿನದ ಹರಿವನ್ನು ಕೊನೆಯ ದಿನದ ಹರಿವಿಗೆ ಹೋಲಿಸಬೇಡಿ. ಎಣ್ಣೆ ಎಷ್ಟಿದೆ ಎಂದು ನೋಡಲು ಗೆರೆ ಇರುವ ಗಾಜಿನ ಜಾಡಿಯಲ್ಲಿ 100 ಮಿಲಿಲೀಟರ್ ತೆಗೆದುಕೊಂಡು, ಪಿಎಚ್ 2ಕ್ಕೆ ಇಳಿಯುವಷ್ಟು ದುರ್ಬಲ ಗಂಧಕಾಮ್ಲ ಹನಿಹನಿಯಾಗಿ ಹಾಕಿ, ಬಿಸಿನೀರಿನಲ್ಲಿ ನಿಲ್ಲಿಸಿ. ಎಣ್ಣೆ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ, ಗೆರೆ ನೋಡಿ ಓದಿಕೊಳ್ಳಬಹುದು.

ಮೆಂಬ್ರೇನ್‌ಗೆ ಮುಂಚಿನ ಏರ್ಪಾಟು ಸರಳ. ತಳ ಶಂಕುವಿನಂತಿರುವ ಟ್ಯಾಂಕಿನಲ್ಲಿ ಒಂದು ದಿನ ನಿಲ್ಲಲಿ. ತೇಲಿದ ಎಣ್ಣೆಯನ್ನು ಬೆಲ್ಟ್ ಸ್ಕಿಮ್ಮರ್ ಎತ್ತಲಿ, ಕೆಸರು ಕೆಳಗಿನಿಂದ ಹೋಗಲಿ, ನಡುವಿನ ನೀರನ್ನು ಆಯಸ್ಕಾಂತದ ಕಡ್ಡಿ ಮತ್ತು 100 ಮೈಕ್ರಾನ್ ಬ್ಯಾಗ್ ಫಿಲ್ಟರ್ ಮೂಲಕ ತೆಗೆದುಕೊಳ್ಳಿ. ಯಂತ್ರಗಳಿಂದ ಈ ಟ್ಯಾಂಕಿಗೆ ಸಾಗಿಸಲು ಸೆಂಟ್ರಿಫ್ಯೂಗಲ್ ಪಂಪ್ ಬೇಡ, ಡಯಾಫ್ರಮ್ ಪಂಪ್ ಇರಲಿ. ವೇಗವಾಗಿ ತಿರುಗುವ ಇಂಪೆಲ್ಲರ್ ತೇಲಬೇಕಾದ ದೊಡ್ಡ ಹನಿಗಳನ್ನು ಕಡೆದು, ತೇಲದ ಸಣ್ಣ ಹನಿ ಮಾಡಿಬಿಡುತ್ತದೆ. ಭಾನುವಾರ ನಿಲ್ಲಿಸುವಾಗ ಕೊಳವೆಗಳಲ್ಲಿ ಕೂಲೆಂಟ್ ಬಿಡಬೇಡಿ, ಒಣಗಲೂ ಬಿಡಬೇಡಿ. ತೊಳೆದು ಶುದ್ಧ ನೀರು ತುಂಬಿಸಿಡಿ. ವಾರಕ್ಕಿಂತ ಹೆಚ್ಚಾದರೆ 1 ಪ್ರತಿಶತ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಸಿ.

ಜಾಲರಿಯ ವಿಷಯ. ನೀರನ್ನು ತಡೆದು ಎಣ್ಣೆ ಬಿಡುವ ಲೇಪಿತ ಉಕ್ಕಿನ ಜಾಲರಿಯನ್ನು ಚೀನಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಅದಕ್ಕೆ ತದ್ವಿರುದ್ಧವಾದ, ನೀರು ಬಿಟ್ಟು ಎಣ್ಣೆ ತಡೆಯುವ ಹೈಡ್ರೋಜೆಲ್ ಜಾಲರಿ 2011ರಲ್ಲಿ ಬಂತು. ಎರಡೂ ಸುಂದರ ಕೆಲಸ. ಆದರೆ ಜಾಲರಿಯ ಕಿಂಡಿ ಹತ್ತಾರು ಮೈಕ್ರಾನ್. 50 ಮೈಕ್ರಾನ್ ಕಿಂಡಿ ಎಮಲ್ಸಿಫೈಯರ್ ಇಲ್ಲದ ಎಣ್ಣೆಯನ್ನು ತಡೆದು ನಿಲ್ಲಿಸಬಲ್ಲದ್ದೇ ಸುಮಾರು 24 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡಕ್ಕೆ. ನಿಮ್ಮ 1 ಮೈಕ್ರಾನ್ ಹನಿ ಅದರಲ್ಲಿ ನೀರಿನ ಜೊತೆಗೇ ದಾಟಿಹೋಗುತ್ತದೆ. ತೇಲುವ ಎಣ್ಣೆಗೆ ಅದು ಸರಿ, ಕೂಲೆಂಟ್‌ಗೆ ಅಲ್ಲ.

ಹಾಗಾದರೆ ಸೆರಾಮಿಕ್ ಯಾವಾಗ? ಎಲ್ಲ ಸರಿಪಡಿಸಿದ ಮೇಲೂ ವಾರಕ್ಕೆರಡು ಬಾರಿ ತೊಳೆಯಬೇಕಾಗುತ್ತಿದ್ದರೆ, ಗ್ರೈಂಡಿಂಗ್ ಪುಡಿ ಪಾಲಿಮರ್ ಪದರವನ್ನು ಸವೆಸುತ್ತಿದ್ದರೆ, ಅಥವಾ ಬಿಸಿಯಾದ ಕ್ಷಾರ ನೀರನ್ನು ಸಂಸ್ಕರಿಸಬೇಕಿದ್ದರೆ. ಸೆರಾಮಿಕ್‌ನ ನಿಜವಾದ ಬಲ ಇರುವುದು ತೊಳೆಯುವಲ್ಲಿ: 1ರಿಂದ 2 ಪ್ರತಿಶತ ಕಾಸ್ಟಿಕ್‌ನಲ್ಲಿ 70 ಡಿಗ್ರಿಗೆ ಕಾಯಿಸಿ ತೊಳೆದರೂ ಅದಕ್ಕೇನೂ ಆಗದು. ಆದರೆ ಬಿಸಿ ಮೆಂಬ್ರೇನ್‌ಗೆ ತಣ್ಣೀರು ಬಿಟ್ಟರೆ ಬಿರುಕು ಬಿಡಬಹುದು, ನಿಧಾನವಾಗಿ ಆರಿಸಬೇಕು. ಕೊಳ್ಳುವ ಮುಂಚೆ ನಿಮ್ಮದೇ ಹಳೆಯ ಕೂಲೆಂಟ್ ಮೇಲೆ ಪರೀಕ್ಷೆ ಮಾಡಿಸಿ. ಶುದ್ಧ ಎಣ್ಣೆಯನ್ನು ನೀರಿಗೆ ಕದಡಿ ಮಾಡಿದ ಪರೀಕ್ಷೆಯಲ್ಲಿ ಕಬ್ಬಿಣದ ಪುಡಿಯಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಸ್ಲೈಡ್‌ವೇ ಎಣ್ಣೆಯಿಲ್ಲ. ಮೂರು ಬಾರಿ ಗಾಢವಾಗಿಸಿ, ಪ್ರತಿ ಬಾರಿಯೂ ತೊಳೆದು, ಮೂರನೆಯ ತೊಳೆತದ ನಂತರ ಶುದ್ಧ ನೀರಿನ ಹರಿವು ಎಷ್ಟು ಮರಳಿತು ಎಂಬ ಅಂಕಿಯನ್ನು ಕೇಳಿ. ಮೊದಲ ದಿನದ ಹರಿವಿಗೆ ಮರುಳಾಗಬೇಡಿ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಹೊರಬರುವ ಪರ್ಮಿಯೇಟ್ ತಿಳಿಯಾಗಿ ಕಾಣುತ್ತದೆ, ಆದರೆ ಚರಂಡಿಗೆ ಬಿಡುವಷ್ಟು ಶುದ್ಧವಲ್ಲ. ಅಮೈನ್, ಗ್ಲೈಕಾಲ್, ಬಯೋಸೈಡ್ ನೀರಿನಲ್ಲಿ ಕರಗಿರುವುದರಿಂದ ಮೆಂಬ್ರೇನ್ ಅವನ್ನು ತಡೆಯುವುದಿಲ್ಲ. ಪೂರ್ತಿ ಸಿಂಥೆಟಿಕ್ ಕೂಲೆಂಟ್ ಆದರಂತೂ ಬಹುಪಾಲು ಹಾಗೇ ದಾಟುತ್ತದೆ. ಕೇಂದ್ರದ ಸಾಮಾನ್ಯ ಮಾನದಂಡದ ಪ್ರಕಾರ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 10 ಮಿಲಿಗ್ರಾಂ, ಸಾರ್ವಜನಿಕ ಒಳಚರಂಡಿಗಾದರೆ 20 ಮಿಲಿಗ್ರಾಂ ಮೀರಬಾರದು. ಜಲಮೂಲಕ್ಕೆ ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಲೀಟರಿಗೆ 250 ಮಿಲಿಗ್ರಾಂ ಮೀರಬಾರದು. ಚೆನ್ನಾಗಿರುವ ಮೆಂಬ್ರೇನ್ ಎಣ್ಣೆಯ ಮಿತಿಯನ್ನು ಮುಟ್ಟಿಸಬಲ್ಲದು, ಸಿಒಡಿಯದನ್ನು ಮುಟ್ಟಿಸದು. ನಿಮ್ಮ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಇನ್ನೂ ಬಿಗಿ ಷರತ್ತು ಇದ್ದರೆ ಅದೇ ಲೆಕ್ಕ. ಹಾಗಾಗಿ ಪರ್ಮಿಯೇಟನ್ನು ಜೈವಿಕ ಸಂಸ್ಕರಣೆಗೋ, ಅನುಮತಿ ಇರುವ ಸಾಮೂಹಿಕ ಘಟಕಕ್ಕೋ, ಇವಾಪೊರೇಟರ್‌ಗೋ ಕಳಿಸಿ. ವೃಷಭಾವತಿ ಹುಟ್ಟುವುದು ನಿಮ್ಮ ಪೀಣ್ಯದ ಬಳಿಯೇ, ಅಲ್ಲಿ ಬಿಟ್ಟದ್ದು ಬೈರಮಂಗಲದ ಕೆರೆಯವರೆಗೂ ಹರಿಯುತ್ತದೆ. ಉಳಿದ 300 ಲೀಟರ್ ಗಾಢ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಮುಚ್ಚಳವಿರುವ ಡ್ರಮ್ಮಿನಲ್ಲಿ, ಸೋರಿದರೆ ಹಿಡಿಯುವ ಕಟ್ಟೆಯೊಳಗೆ ಇಟ್ಟು, ಮಂಡಳಿಯ ಅಧಿಕಾರ ಪತ್ರ ಇರುವವರಿಗೆ ಮಾತ್ರ ಕೊಟ್ಟು, ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ಪ್ರತಿಯನ್ನು ಇಟ್ಟುಕೊಳ್ಳಿ.